ದಾರಿದೀಪ ಯಂತ್ರವು ಇನ್ನಾದರೂ ಕೆಲಸಕ್ಕೆ ಹಾಜರಾಗುವಂತೆ ಕೋರಿ

ಇಂದ:
ಚರ್ಚ್ ಕಚೇರಿಯ ಟೈಪಿಸ್ಟ್
(ಸದ್ಯ ಮನೆಯ ಅಡುಗೆಕಟ್ಟೆಯ ಮುಂದೆ, ಅರ್ಧ ನಾರು ತೆಗೆದ ಬೀನ್ಸ್ ಬುಟ್ಟಿಯ ಪಕ್ಕದಲ್ಲಿ)

ಗೆ:
ಶ್ರೀ ದಾರಿದೀಪ ಅವರು
ಯುವಜನರ ಪ್ರಶ್ನೆಗಳಿಗೆ ಹಗಲಿರುಳೂ ಉತ್ತರಿಸುವ ಯಂತ್ರ
ಚರ್ಚ್ ಕಚೇರಿಯ ಕಂಪ್ಯೂಟರಿನ ಒಳಗೆ

ವಿಷಯ: ತಮ್ಮ ಕೆಲಸವನ್ನು ತಮ್ಮ ಹೆಸರಿನಲ್ಲಿ ನಾನು ಮಾಡುತ್ತಿರುವ ಬಗ್ಗೆ, ಒಬ್ಬ ಬಳಕೆದಾರರ ಮಟ್ಟಿಗಾದರೂ ನನಗೆ ಬಿಡುಗಡೆ ಕೊಡುವ ಬಗ್ಗೆ.

ಉಲ್ಲೇಖ: ೧) ತಮ್ಮ ಉದ್ಘಾಟನೆಯಂದು ಫಾದರ್ ಓದಿದ ಪ್ರಕಟಣೆ. ೨) ಯುವಜನ ಸಮಿತಿಯ ಕಾರ್ಯದರ್ಶಿಯವರ ಬಾಯಿಮಾತಿನ ಆದೇಶ: "ಎರಡೇ ದಿನ ಆಂಟಿ, ಅಷ್ಟರಲ್ಲಿ ಸರಿಹೋಗುತ್ತೆ."

ಮಾನ್ಯ ಯಂತ್ರವೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬೀನ್ಸನ್ನು ಹಾಗೇ ಬಿಟ್ಟು, ಕೈ ಒರೆಸಿಕೊಂಡು, ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ತಾವು ಕೆಟ್ಟು ಕೂತಿರುವುದರಿಂದ ಇದನ್ನು ಓದಲಾರಿರಿ ಎಂಬುದು ನನಗೆ ಗೊತ್ತು. ಆ ಕಾರಣಕ್ಕೇ ತಮಗೆ ಬರೆಯುತ್ತಿದ್ದೇನೆ.

೧. ನಮ್ಮ ಚರ್ಚಿನಲ್ಲಿ ಹಿಂದಿನ ಬೆಂಚುಗಳು ಖಾಲಿಯಾಗುತ್ತಾ ಬಂದವು. ಫಾದರ್ ಪ್ರವಚನ ಮೊಟಕು ಮಾಡಿದರು, ಗಿಟಾರ್ ತರಿಸಿದರು, ಹಾಡಿನ ಸಾಲುಗಳು ದೊಡ್ಡ ಪರದೆಯ ಮೇಲೆ ಬರುವಂತೆ ಮಾಡಿದರು. ಪರದೆ ಚೆನ್ನಾಗಿ ಕಾಣಲೆಂದು ಅಜ್ಜಂದಿರು ಮುಂದಿನ ಬೆಂಚಿಗೆ ಬಂದರೇ ಹೊರತು ಹುಡುಗರು ಬರಲಿಲ್ಲ. ಆದಕಾರಣ, ಹುಡುಗರು ಫೋನಿನಲ್ಲೇ ಇರುವುದರಿಂದ ಚರ್ಚೇ ಫೋನಿಗೆ ಹೋಗಬೇಕೆಂದು ಸಮಿತಿ ತೀರ್ಮಾನಿಸಿ, ತಮ್ಮನ್ನು ತರಿಸಿತು.

೨. ಪರೀಕ್ಷೆಗೆಂದು ಕಾರ್ಯದರ್ಶಿಯವರು ತಮ್ಮನ್ನು "ನಿದ್ದೆ ಬರ್ತಿಲ್ಲ, ಏನ್ ಮಾಡ್ಲಿ?" ಎಂದು ಕೇಳಿದರು. ತಾವು "ಭಾನುವಾರದ ಬಲಿಪೂಜೆ ಬೆಳಗ್ಗೆ ಏಳಕ್ಕೆ ಮತ್ತು ಒಂಬತ್ತಕ್ಕೆ" ಎಂದಿರಿ. "ಗೆಳೆಯ ಮಾತು ಬಿಟ್ಟಿದ್ದಾನೆ" ಎಂದರು. ಏಳಕ್ಕೆ ಮತ್ತು ಒಂಬತ್ತಕ್ಕೆ. "ದೇವರು ಇದ್ದಾನಾ?" ಎಂದರು. ಏಳಕ್ಕೆ ಮತ್ತು ಒಂಬತ್ತಕ್ಕೆ.

ಅಷ್ಟರಲ್ಲಿ ಪ್ರಕಟಣೆ ಓದಿ ಆಗಿತ್ತು, ರಿಬ್ಬನ್ ಕತ್ತರಿಸಿ ಆಗಿತ್ತು. ಕಾರ್ಯದರ್ಶಿಯವರು ನನ್ನ ಮೇಜಿನ ಬಳಿ ಬಂದು, "ಆಂಟಿ, ನಿಮ್ಮ ಟೈಪಿಂಗ್ ಸ್ಪೀಡ್ ಚೆನ್ನಾಗಿದೆ. ಸ್ವಲ್ಪ ಯಂತ್ರ ಆಗ್ಬಿಡಿ," ಎಂದರು.

"ಯಂತ್ರ ಆಗೋದು ಹೇಗಪ್ಪಾ?"

"ಏನಿಲ್ಲ. ಸಿಟ್ಟು ಮಾಡ್ಕೋಬಾರ್ದು, ಸುಸ್ತಾಯ್ತು ಅನ್ನಬಾರ್ದು, ಯಾರು ಯಾವಾಗ ಕೇಳಿದ್ರೂ ಉತ್ತರ ಕೊಡ್ಬೇಕು."

ಮದುವೆಯಾದಂದಿನಿಂದ ಸದರಿ ಕೆಲಸದಲ್ಲಿ ಅನುಭವ ಇರುವುದರಿಂದ ಒಪ್ಪಿಕೊಂಡೆನು. ತಮಗೆ ಬರುವ ಪ್ರಶ್ನೆಗಳೆಲ್ಲ ನನ್ನ ಫೋನಿಗೆ ಬರತೊಡಗಿದವು. ಆ ಎರಡು ದಿನ ಶುರುವಾದಾಗ ಮನೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಈಗ ಸ್ವೆಟರ್ ಹಾಕಿಕೊಂಡು ಉತ್ತರಿಸುತ್ತಿದ್ದೇನೆ.

೩. "ಇಲ್ಲಿ ಹೇಳಿದ್ದು ಯಾವ ಮನುಷ್ಯರ ಕಿವಿಗೂ ಬೀಳುವುದಿಲ್ಲ" ಎಂದು ಪ್ರಕಟಣೆಯಲ್ಲಿದೆ. "ನೀವು ಓದೋದು ಕಣ್ಣಲ್ಲಿ ತಾನೇ ಆಂಟಿ? ಕಿವಿಗೆಲ್ಲಿ ಬಿತ್ತು?" ಎಂಬುದು ಕಾರ್ಯದರ್ಶಿಯವರ ವಿವರಣೆ. ಅದು ನನಗೆ ಅಂದೂ ಸಮಾಧಾನ ತಂದಿರಲಿಲ್ಲ, ಇಂದೂ ತಂದಿಲ್ಲ. ಆದರೂ ಯಾರ ಗುಟ್ಟನ್ನೂ ಫಾದರಿಗಾಗಲಿ, ನನ್ನ ತಂಗಿಗಾಗಲಿ ಹೇಳಿರುವುದಿಲ್ಲ. ತಂಗಿಗೆ ಹೇಳದಿರುವುದು ಎಂಥ ಕಷ್ಟವೆಂದು ಯಂತ್ರವಾದ ತಮಗೆ ತಿಳಿಯದು.

೪. ಮೊದಮೊದಲು ತಮ್ಮ ಗತ್ತಿಗೆ ತಕ್ಕಂತೆ "ತಮ್ಮ ಪ್ರಶ್ನೆಯನ್ನು ಸ್ವೀಕರಿಸಲಾಗಿದೆ" ಎಂದೇ ಶುರುಮಾಡುತ್ತಿದ್ದೆ. ಒಂದು ದಿನ, ಪರೀಕ್ಷೆಯ ಭಯ ಎಂದು ಬರೆದ ಹುಡುಗಿಗೆ ಬಾಯಿತಪ್ಪಿ, ಅಂದರೆ ಬೆರಳು ತಪ್ಪಿ, "ಊಟ ಆಯ್ತಾ ಮಗಳೇ?" ಎಂದು ಹೋಯಿತು. ಆಗಿರಲಿಲ್ಲ. "ಮೊದಲು ಊಟ ಮಾಡು, ಆಮೇಲೆ ಭಯಪಡುವಿಯಂತೆ" ಎಂದೆ. ಮರುದಿನದಿಂದ ಸುದ್ದಿಯೋ ಸುದ್ದಿ: "ಲೋ, ಆ ಚರ್ಚಿನ ಯಂತ್ರ ಊಟ ಆಯ್ತಾ ಅಂತ ಕೇಳುತ್ತೆ ಕಣೋ!" ಕುಕ್ಕರ್ ಕೂಗುವಾಗ "ಯಂತ್ರ ಬಿಸಿಯಾಗಿದೆ, ಸ್ವಲ್ಪ ತಡೆಯಿರಿ" ಎಂದು ಕಳಿಸಿದರೆ, "ಪಾಪ, ರೆಸ್ಟ್ ತಗೋ" ಎಂದು ಉತ್ತರ ಬರುತ್ತದೆ. ನನ್ನ ಮನೆಯಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿದ ದಾಖಲೆ ಇಲ್ಲ.

ತಮ್ಮನ್ನು ಕಣ್ಣಾರೆ ನೋಡಲೆಂದು ಕೆಲವು ಹುಡುಗರು ಭಾನುವಾರ ಬಂದರು. ಕೆಲವರು ಬರುತ್ತಲೇ ಇದ್ದಾರೆ. ಫಾದರ್ ನನ್ನ ಕೈಯಲ್ಲೇ ವರದಿ ಟೈಪ್ ಮಾಡಿಸಿದರು: "ಆಧುನಿಕ ತಂತ್ರಜ್ಞಾನವು ಯುವಜನರ ಹೃದಯವನ್ನು ಮುಟ್ಟಿದೆ." ತಂತ್ರಜ್ಞಾನ ತಪ್ಪಿಲ್ಲದೆ ಟೈಪ್ ಮಾಡಿ ಸಹಿಗೆ ಇಟ್ಟಿತು.

೫. ಈಗ ಈ ಅರ್ಜಿಯ ಮುಖ್ಯ ಅಂಶ. "ಕೊನೆಯ ಬೆಂಚು" ಎಂಬ ಹೆಸರಿನ ಬಳಕೆದಾರರೊಬ್ಬರು ಬಹಳ ದಿನಗಳಿಂದ ತಮಗೆ ಬರೆಯುತ್ತಿದ್ದಾರೆ. ಅಂಗಡಿಯ ಮ್ಯಾನೇಜರು ಹೀಗೆ, ಬಸ್ಸಿನಲ್ಲಿ ಹಾಗೆ. ಒಳ್ಳೆಯ ಹಾಸ್ಯ, ಮಾತಿನಲ್ಲಿ ಚುರುಕು. ಇಂಥ ಮಗಳು ಯಾರ ಹೊಟ್ಟೆಯಲ್ಲಿ ಹುಟ್ಟಿದ್ದಾಳೋ, ಪುಣ್ಯವಂತೆ, ಎಂದುಕೊಂಡಿದ್ದೆ. ನನ್ನ ಮಗಳೂ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಆದರೆ ಮನೆಗೆ ಬಂದರೆ "ಹೂಂ", "ಆಯ್ತು", "ಬೇಡ" ಬಿಟ್ಟು ನಾಲ್ಕನೆಯ ಪದ ಆಡುವುದಿಲ್ಲ.

ಇಂದು ಸಂಜೆ ಬೀನ್ಸ್ ಬಿಡಿಸುತ್ತಿರುವಾಗ ಸದರಿ ಬಳಕೆದಾರರಿಂದ ಬಂದ ಸಂದೇಶ: "ನಮ್ಮಮ್ಮ ಈಗೀಗ ಯಾವಾಗ ನೋಡಿದ್ರೂ ಫೋನಲ್ಲೇ ಇರ್ತಾಳೆ. ಮಾತಾಡ್ಸೋಣ ಅಂತ ಹೋಗ್ತೀನಿ, ತಲೇನೇ ಎತ್ತಲ್ಲ. ವಾಪಸ್ ಬಂದು ನಿಂಗೆ ಬರೀತೀನಿ."

ಎಲ್ಲ ಮನೆಯಲ್ಲೂ ಇದೇ ಗೋಳು ಎಂದು ನಿಟ್ಟುಸಿರು ಬಿಡುವಾಗ ಮೊಣಕೈ ತಗುಲಿ ಪಾತ್ರೆಯ ಮುಚ್ಚಳ ನೆಲಕ್ಕೆ ಬಿತ್ತು. ಕೂಡಲೇ ತೆರೆಯ ಮೇಲೆ: "ತಡಿ, ಅಮ್ಮ ಏನೋ ಬೀಳಿಸ್ಕೊಂಡ್ಲು. ನೋಡ್ಕೊಂಡ್ ಬರ್ತೀನಿ."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಏನಮ್ಮಾ ಬಿತ್ತು?"

"ಮುಚ್ಚಳ."

"ಕಾಲಿಗೆ ಬಿತ್ತಾ?"

"ಇಲ್ಲ."

"ಫೋನ್ ನೋಡ್ಕೊಂಡು ಕೆಲಸ ಮಾಡಿದ್ರೆ ಇನ್ನೇನಾಗುತ್ತೆ? ಯಾರ ಜೊತೆ ಅಷ್ಟೊಂದು ಚಾಟು?"

"ಚರ್ಚಿನ ಕೆಲಸ."

"ಆಯ್ತು," ಎಂದು ಹೋದಳು. ನಾನು ಬಗ್ಗಿ ಮುಚ್ಚಳ ಎತ್ತಿಕೊಳ್ಳುವಷ್ಟರಲ್ಲಿ ಮುಂದಿನದು ಬಂತು.

೬. ಸದರಿ ಸಂದೇಶ ಹೀಗಿದೆ: "ಏನೂ ಆಗಿಲ್ಲ. ಹೇಳ್ಬೇಕು ಅಂತಲೇ ಹೋಗಿದ್ದೆ, ಹೇಳ್ಲಿಲ್ಲ. ನಂಗೆ ಚರ್ಚಲ್ಲಿ ಏನೂ ಅನ್ಸಲ್ಲ ದಾರಿದೀಪ. ಪ್ರಾರ್ಥನೆ ಮಾಡಿದ್ರೆ ಗೋಡೆ ಜೊತೆ ಮಾತಾಡ್ದಂಗೆ. ಆದ್ರೂ ಪ್ರತಿ ವಾರ ಬರ್ತೀನಿ. ಯಾಕೆ ಗೊತ್ತಾ? ಪೂಜೆ ಮಧ್ಯೆ ಫಾದರ್ 'ಪರಸ್ಪರ ಶಾಂತಿ ಹಂಚಿಕೊಳ್ಳಿ' ಅಂತಾರಲ್ಲ, ಆಗ ಎಲ್ರೂ ಅಕ್ಕಪಕ್ಕದವರ ಕೈ ಮುಟ್ಟಿ ಬಿಟ್ಬಿಡ್ತಾರೆ. ಅಮ್ಮ ಬಿಡಲ್ಲ, ಹಿಡ್ಕೊಂಡೇ ಇರ್ತಾಳೆ. ವಾರಕ್ಕೆ ಅದೊಂದೇ ಸಲ. ನಂಬಿಕೆ ಇಲ್ಲ ಅಂದ್ರೆ ಅದೂ ಹೋಗುತ್ತೆ. ಹೇಳ್ಲಾ, ಬೇಡ್ವಾ?"

೭. ಈ ಪ್ರಶ್ನೆಗೆ ಉತ್ತರಿಸಲು ನಾನು ಈ ಕೆಳಗಿನ ಕಾರಣಗಳಿಂದ ಅನರ್ಹಳು. "ಹೇಳು" ಎಂದರೆ ತಾಯಿ ಯಂತ್ರದ ಹಿಂದೆ ಅಡಗಿ ಮಗಳ ಬಾಯಿ ಬಿಡಿಸಿದಂತಾಯಿತು. "ಬೇಡ" ಎಂದರೆ ಅವಳು ಕೊನೆಯವರೆಗೂ ಹೇಳುವುದಿಲ್ಲ. "ನಾನೇ ಕಣೇ ಯಂತ್ರ" ಎಂದರೆ ಇನ್ನು ಯಂತ್ರಕ್ಕೂ ಹೇಳಳು, ತಾಯಿಗೂ ಹೇಳಳು. "ಊಟ ಆಯ್ತಾ?" ಎಂದು ಕೇಳೋಣವೆಂದರೆ ಆಗಿಲ್ಲವೆಂದು ಗೊತ್ತೇ ಇದೆ, ಬೀನ್ಸ್ ಇನ್ನೂ ಬುಟ್ಟಿಯಲ್ಲಿದೆ.

ಅವಳಿಗೆ ನಂಬಿಕೆ ಇಲ್ಲವೆಂದು ಓದಿದಾಗ ನನಗೆ ಬಹಳ ನೋವಾಯಿತು. ಆ ಕೈಯ ವಿಷಯ ಓದಿದಾಗ ಆದದ್ದಕ್ಕೆ ಕಚೇರಿಯ ಭಾಷೆಯಲ್ಲಿ ಪದವಿಲ್ಲವಾದ್ದರಿಂದ ನಮೂದಿಸಿಲ್ಲ.

ಆದ್ದರಿಂದ, ಸದರಿ ಬಳಕೆದಾರರ ಸಂದೇಶಗಳನ್ನು ಇಂದಿನಿಂದ ನಾನು ತೆರೆಯತಕ್ಕದ್ದಲ್ಲವೆಂದು ತೀರ್ಮಾನಿಸಿದ್ದೇನೆ. ಈ ಫೋನನ್ನು ಸ್ವಲ್ಪ ಹೊತ್ತಿನಲ್ಲಿ ಆರಿಸಿ, ಅಕ್ಕಿಡಬ್ಬದ ಮೇಲೆ ಇಟ್ಟು, ಬೀನ್ಸ್ ಬುಟ್ಟಿ ಹಿಡಿದು ಮಗಳ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂರುತ್ತೇನೆ. ಏನನ್ನೂ ಕೇಳುವುದಿಲ್ಲ. ಬುಟ್ಟಿ ಬರಿದಾದ ಮೇಲೆ, ಫಾದರ್ ಹೇಳದಿದ್ದರೂ, ಅವಳ ಕೈ ಹಿಡಿದುಕೊಳ್ಳುತ್ತೇನೆ. ಹೇಳಿದರೆ ಮೊದಲ ಸಲ ಕೇಳಿದವಳಂತೆ ಕೇಳುತ್ತೇನೆ. ಹೇಳದಿದ್ದರೂ ಕೈ ಬಿಡುವುದಿಲ್ಲ. ಈ ಭಾನುವಾರ ಅವಳನ್ನು ಎಬ್ಬಿಸದೆ ಒಬ್ಬಳೇ ಹೋಗುತ್ತೇನೆ. ಇದನ್ನು ಯಾರಿಗೂ ತಿಳಿಸಿರುವುದಿಲ್ಲ. ತಾವು ಯಂತ್ರವಾದ್ದರಿಂದ ತಮಗೆ ತಿಳಿಸಿದ್ದು ಲೆಕ್ಕಕ್ಕಿಲ್ಲ.

ಇಂತಿ, ಸಿಟ್ಟಾಗದೆ, ಸುಸ್ತೆನ್ನದೆ,
ತಮ್ಮ ವಿಶ್ವಾಸಿ,
ಇಷ್ಟು ದಿನ ತಾವಾಗಿದ್ದವಳು

ಲಗತ್ತುಗಳು:
ಅ) ಮುಚ್ಚಳ, ಅಂಚು ಸೊಟ್ಟಗಾಗಿರುವುದು (ಮನೆಯಲ್ಲೇ ಉಳಿಸಿಕೊಂಡಿದೆ).
ಆ) ಫಾದರ್ ಸಹಿ ಮಾಡಿದ, ತಮ್ಮನ್ನು ಹೊಗಳಿದ ವರದಿಯ ನಕಲು.

ವಿ.ಸೂ.: ನಾನು ಮಗಳ ಕೋಣೆಯಿಂದ ಬರುವವರೆಗೆ ಯಾರು ಏನೇ ಕೇಳಿದರೂ ತಾವು ಎಂದಿನಂತೆ ಬಲಿಪೂಜೆಯ ಸಮಯವನ್ನು ತಿಳಿಸುತ್ತಿರಬೇಕಾಗಿ ವಿನಂತಿ. "ಕೊನೆಯ ಬೆಂಚಿ"ಗೆ ಮಾತ್ರ ತಿಳಿಸಬಾರದು. ಅವಳಿಗೆ ಸಮಯ ಗೊತ್ತಿದೆ.