ಆಯಿಯ ವಸಡು, ಸೊಸೆಯ ರೊಟ್ಟಿ

ತಿಕೋಟಾದಲ್ಲಿ ನನ್ನದೊಂದು ಸಣ್ಣ ಹಲ್ಲಿನ ದವಾಖಾನೆ. ನಮ್ಮ ಮಂದಿಗೆ ‘ಬಾಯಿ ತೆರೀರಿ’ ಅಂದರೆ ಸಾಕು, ಹಲ್ಲು ಕಾಣುವ ಮೊದಲೇ ಮಾತು ಹೊರಗೆ ಬರುತ್ತದೆ. ಹೀಗಾಗಿ ಇಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಕೈಯಲ್ಲಿ ಚೂಪಾದ ಸಾಮಾನು ಹಿಡಿದು ನಗು ತಡೆಯುವುದೇ ನನ್ನ ಕಷ್ಟ.

ಮಾಸ್ತರರ ಉಪಾಯ

ಬಬಲೇಶ್ವರದಿಂದ ನಿವೃತ್ತ ಮಾಸ್ತರರೊಬ್ಬರು ಬಂದರು. ವಸಡು ಬಾತು ಕೆಂಪಗಾಗಿತ್ತು.

“ಹಲ್ಲು ತಿಕ್ಕಿದ್ರ ರಕ್ತ ಬರ್ತಿತ್ರಿ. ಅದಕ್ಕ ತಿಕ್ಕೂದ ಬಿಟ್ಟೇನಿ,” ಎಂದರು ಹೆಮ್ಮೆಯಿಂದ.

“ಮತ್ತ, ಗುಣಾ ಆತೇನ್ರಿ?”

“ರಕ್ತ ಬರೂದು ನಿಂತೈತ್ರಿ. ಮನ್ಯಾಗಿನವರು ಹತ್ತರ ಬರೂದೂ ನಿಂತೈತಿ.”

ಫಿರ್ಯಾದಿ

ನಾನು ಹಲ್ಲು ಸ್ವಚ್ಛ ಮಾಡಿ ತಿಕ್ಕುವುದು ಕಲಿಸಿದರೆ ಮಾಸ್ತರರಂಥವರು ನನ್ನಲ್ಲೇ ಗುಣವಾಗುತ್ತಾರೆ. ರೋಗ ಎಲುಬಿಗೆ ಇಳಿದಿದ್ದರೆ ಮಾತ್ರ ವಿಜಯಪುರದ ವಸಡಿನ ತಜ್ಞರೇ ಬೇಕು. ಅಂಥ ಒಬ್ಬ ಆಯಿ, ಎಪ್ಪತ್ತು ದಾಟಿದ ಅಜ್ಜಿ, ಮಗ ಸೊಸೆಯನ್ನು ಕರೆದುಕೊಂಡು ಬಂದಳು. ಕುರ್ಚಿಯಲ್ಲಿ ತಾನು ಕೂಡದೆ ಸೊಸೆಯನ್ನು ಕೂಡಿಸಿದಳು.

“ಇಕಿ ಹಲ್ಲಿಗೆ ಏನಾಗೇತ್ರಿ?” ಎಂದೆ.

“ಇಕಿಗೇನಾಗೇತಿ? ನಾಕು ಮಾತು ಬೈರಿ ಯಪ್ಪಾ. ಖಡಕ್ ರೊಟ್ಟಿ ಕಲ್ಲಿನಂಗ ಬಡೀತಾಳ. ಕಡದ ಕಡದ ನನ್ನ ಮುಂದಿನ ಹಲ್ಲು ಅಳ್ಳಾಡಾಕತ್ತಾವ!”

ಸೊಸೆಯ ಕಣ್ಣಲ್ಲಿ ನೀರು. ತಿಂಗಳುಗಟ್ಟಲೆ ಬೈಸಿಕೊಂಡು ಹಂಚಿನ ಮುಂದೆ ಕೂಡಲೂ ಹೆದರುತ್ತಿದ್ದಳಂತೆ. ನನಗೆ ಕೆಟ್ಟೆನಿಸಿತು. ಆಯಿಯ ಬಾಯಿ ನೋಡಿ ಹೇಳಿದೆ: “ರೋಗ ನಿಮ್ಮ ವಸಡಿಗೆ ಐತಿ ಆಯಿ, ರೊಟ್ಟಿಗಲ್ಲ. ನಾ ಔಷಧ ಮಾಡ್ತೀನಿ.”

“ವಸಡಿಗೆ ನೀವು ಮಾಡ್ರಿ. ಇಕಿ ರೊಟ್ಟಿಗೆ ಯಾರ ಮಾಡಬೇಕು?”

ಒಡ್ಡಿನ ಕಲ್ಲು

ಹಲ್ಲಿಗೆ ಕಲ್ಲಿನಂತೆ ಮೆತ್ತಿದ್ದ ಪಾಚಿಯನ್ನೆಲ್ಲ ತೆಗೆದೆ. ಆಯಿ ಸಂದಿಯಲ್ಲಿ ನಾಲಿಗೆ ಆಡಿಸಿ ಗಾಬರಿಯಾದಳು. “ಒಡ್ಡಿನ ಕಲ್ಲು ಕಿತ್ತು ಮಣ್ಣಿಗೆ ಗಟ್ಟಿ ನಿಲ್ಲು ಅಂದಂಗಾತು. ಎಲ್ಲಾ ವಾಪಸ್ ಹಚ್ಚಿ ಕೊಡ್ರಿ!”

ಕೆಲವು ವಾರಗಳಲ್ಲಿ ವಸಡಿನ ಬಾವು ಇಳಿಯಿತು. ಆದರೆ ಮುಂದಿನ ಎರಡು ಹಲ್ಲು ಇನ್ನೂ ಅಳ್ಳಾಡುತ್ತಿದ್ದವು. ಬಿಟ್ಟರೆ ಉದುರುವುದು ಖಂಡಿತ. ವಿಜಯಪುರಕ್ಕೆ ಹೋಗಿ ಎಂದೆ.

“ಯಾಕ, ನಿಮಗ ಬರಂಗಿಲ್ಲೇನು?”

“ವಸಡು ಬಿಡಿಸಿ ಬೇರಿನ ತನಕಾ ಸ್ವಚ್ಛ ಮಾಡೂದು ಅವರ ಕೆಲಸ ಆಯಿ. ಅದನ್ನ ಓದ್ಯಾರ ಅವರು.”

ಮಗ ನನ್ನ ಬೆಂಬಲಕ್ಕೆ ಬಂದ. “ನಮ್ಮ ದ್ರಾಕ್ಷಿ ತ್ವಾಟಕ್ಕೂ ಬ್ಯಾರೆ ಡಾಕ್ಟರ್ ಬರ್ತಾನಲ್ಲ ಬೇ, ಹಂಗ ಇದು.”

“ಹೌದೋ ಲೇ, ಬಂದಿದ್ದಾ. ಬಂದು ‘ಅರ್ಧಾ ಬಳ್ಳಿ ಕಿತ್ತ ಒಗೀರಿ’ ಅಂದು ಹೋದಾ.”

ಡಾಕ್ಟರ ಪರೀಕ್ಷೆ

ಅಂತೂ ಮಗ ಸೊಸೆ ಪುಸಲಾಯಿಸಿ ಕರೆದೊಯ್ದರು. ಮಧ್ಯಾಹ್ನ ತಜ್ಞರ ಫೋನು: “ನಿಮ್ಮ ಆಯಿ ಬಾಯಿನ ತೆರೀವಲ್ರು ನೋಡ್ರಿ.”

ಆಯಿ ಸೆರಗಿನ ಗಂಟು ಬಿಚ್ಚಿ ಖಡಕ್ ರೊಟ್ಟಿ ತೆಗೆದು ಅವರ ಮುಂದೆ ಹಿಡಿದಿದ್ದಳಂತೆ. ಹಿಂದಿನಿಂದ ಅವಳ ದನಿ ನನಗೂ ಕೇಳಿಸಿತು: “ಮೊದಲ ನೀವು ಕಡೀರಿ. ತನ್ನ ಹಲ್ಲು ನೆಟ್ಟಗಿಲ್ಲದಾವ ನನ್ನ ಹಲ್ಲ ಏನ ಉಳಸ್ತಾನ?”

“ಕಡೀರಿ ಡಾಕ್ಟರ್ರ, ಬ್ಯಾರೆ ದಾರಿ ಇಲ್ಲ,” ಎಂದೆ.

ಫೋನಿನಲ್ಲೇ ಕರುಂ ಕುರುಂ ಸದ್ದು. ಆಮೇಲೆ ತಜ್ಞರ ಮಾತು: “ಭಾಳ ರುಚಿ ಐತ್ರಿ. ಇನ್ನ ಮುಂದ ಪೇಶಂಟರನ್ನ ಕಳಸೂ ಮುಂದ ರೊಟ್ಟಿ ಕಟ್ಟಿಸೇ ಕಳಸ್ರಿ.”

ತೀರ್ಪು

ವಿಜಯಪುರದ ಚಿಕಿತ್ಸೆ ಮುಗಿಸಿ ಕೆಲವು ತಿಂಗಳ ಮೇಲೆ ಮೂವರೂ ಮತ್ತೆ ಬಂದರು. ಆಯಿ ನನ್ನೆದುರೇ ರೊಟ್ಟಿ ಮುರಿದು ಮುಂದಿನ ಹಲ್ಲಿನಿಂದಲೇ ಕಡಿದಳು. ಎರಡೂ ಗಟ್ಟಿ ನಿಂತಿದ್ದವು. ನನಗೆ ನಿಜಕ್ಕೂ ಖುಷಿಯಾಯಿತು. ಸೊಸೆ ಮಾತ್ರ ಒಂದು ಒಳ್ಳೆಯ ಮಾತಿಗಾಗಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಇದೇ ಸಮಯ ಎಂದು ಕೇಳಿಬಿಟ್ಟೆ:

“ಈಗ ಹೇಳ್ರಿ ಆಯಿ. ತಪ್ಪು ಯಾರದಿತ್ತು?”

ಆಯಿ ಸೊಸೆಯ ಬೆನ್ನು ಪ್ರೀತಿಯಿಂದ ಸವರಿದಳು.

“ಇಕಿದ ಇತ್ತು ಯಪ್ಪಾ. ಆದ್ರ ನನ್ನ ಸೊಸಿ ಭಾಳ ಶಾಣ್ಯಾಕಿ. ಒಂದ ಸಲಾ ದವಾಖಾನಿಗೆ ತಂದು ಕುರ್ಚ್ಯಾಗ ಕೂಡಿಸಿದ್ದಕ್ಕ ಎಷ್ಟ ಹಗೂರ ರೊಟ್ಟಿ ಮಾಡಾಕತ್ತಾಳ ನೋಡ್ರಿ!”