ನಾಲ್ಕನೇ ಪ್ರಶ್ನೆಯ ಒಂದು ಅಂಕದ ಬಗ್ಗೆ

ಆನ್‌ಲೈನ್ ಕಲಿಕಾ ಜಾಲತಾಣ ಅನುಷ್ಠಾನ ಸಮಿತಿ
ಸಂಖ್ಯೆ: ಆಕಜಾ/ಸುತ್ತೋಲೆ-7/ತಿದ್ದುಪಡಿಯ ತಿದ್ದುಪಡಿ

ವಿಷಯ: ಅಧ್ಯಾಪಕರು ಕಲಿಕಾ ಜಾಲತಾಣ ಬಳಸುವ ಬಗ್ಗೆ, ಹಾಗೂ ಸಮಿತಿಯ ಸಂಚಾಲಕರು ತಮ್ಮದೇ ಪಾಠದಲ್ಲಿ ಅನುತ್ತೀರ್ಣರಾಗಿರುವ ಬಗ್ಗೆ.

ಉಲ್ಲೇಖ: ಇದೇ ಸಂಚಾಲಕರು ಹೊರಡಿಸಿ, ಇವರೇ ಪಾಲಿಸದ ಆರು ಸುತ್ತೋಲೆಗಳು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಅಧ್ಯಾಪಕರ ಗಮನಕ್ಕೆ ತರುವುದೇನೆಂದರೆ:

1. ಜಾಲತಾಣಕ್ಕೆ ಏರಿಸಿದ ಪಾಠವನ್ನು ಮತ್ತೆ ಪ್ರಿಂಟ್ ತೆಗೆದು, ಮೊಹರು ಹಾಕಿ, ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದೆಂಬ ಹಿಂದಿನ ಆದೇಶವನ್ನು ಹಿಂಪಡೆಯಲಾಗಿದೆ. ಕಪಾಟು ತುಂಬಿದೆ.

2. ಟಿಪ್ಪಣಿಯ ಹಾಳೆಗಳ ಫೋಟೊ ತೆಗೆದು ಏರಿಸುವವರು ಬೆರಳನ್ನು ದೂರವಿಡತಕ್ಕದ್ದು. ಸಂಚಾಲಕರು ಏರಿಸಿದ ನಲವತ್ತಾರು ಹಾಳೆಗಳ ಪೈಕಿ ನಲವತ್ತೊಂದರಲ್ಲಿ ಅವರ ಹೆಬ್ಬೆರಳಿದೆ. ಅದು ಪರೀಕ್ಷೆಗೆ ಬರುವುದಿಲ್ಲವೆಂದು ವಿದ್ಯಾರ್ಥಿಗಳಿಗೆ ಈ ಮೂಲಕ ಭರವಸೆ ನೀಡಲಾಗಿದೆ.

3. ಮರೆತುಹೋದೀತೆಂದು ಪಾಸ್‌ವರ್ಡನ್ನು ಸೂಚನಾ ಫಲಕಕ್ಕೆ ಅಂಟಿಸುವಂತಿಲ್ಲ. ಅಂಟಿಸಿದವರು ಯಾರೆಂದು ವಿಚಾರಣೆ ನಡೆಸುವ ಅಗತ್ಯವಿಲ್ಲ. ಅಕ್ಷರ ಎಲ್ಲರಿಗೂ ಪರಿಚಿತ.

4. ನೋಂದಣಿ ವೇಳೆ 'ಅಧ್ಯಾಪಕ' ಎಂಬಲ್ಲಿ ಒತ್ತತಕ್ಕದ್ದು. ಸಂಚಾಲಕರು ಕನ್ನಡಕವನ್ನು ಹಣೆಗೇರಿಸಿಕೊಂಡು 'ವಿದ್ಯಾರ್ಥಿ' ಎಂಬಲ್ಲಿ ಒತ್ತಿ, ತಾವೇ ಕಲಿಸುವ ಸಂಖ್ಯಾಶಾಸ್ತ್ರಕ್ಕೆ ಅರವತ್ಮೂರನೆಯ ವಿದ್ಯಾರ್ಥಿಯಾಗಿದ್ದಾರೆ. ಪಾಸಾಗದ ವಿದ್ಯಾರ್ಥಿಯ ನೋಂದಣಿಯನ್ನು ಯಾವ ಕಾರಣಕ್ಕೂ ತಿದ್ದಕೂಡದೆಂಬ ನಿಯಮವೂ ಅವರದೇ. ಮಾಡಿದ್ದುಣ್ಣೋ ಮಹರಾಯ. ಶುಕ್ರವಾರದೊಳಗೆ ಅವರು ಪಾಸಾಗಿ ಅಧ್ಯಾಪಕರಾಗದಿದ್ದಲ್ಲಿ, ಉಳಿದ ಅರವತ್ತೆರಡು ಮಂದಿಯ ಅಂಕಪಟ್ಟಿಗೆ ಒಪ್ಪಿಗೆ ಕೊಡುವವರೇ ಇರುವುದಿಲ್ಲ.

5. ಕಂಪ್ಯೂಟರ್ ಕೊಠಡಿಯಲ್ಲಿ ಟೈಪ್ ಮಾಡಿಸಿದ ತಮ್ಮದೇ ಪ್ರಶ್ನೆಪತ್ರಿಕೆಗೆ ಸಂಚಾಲಕರು ಮೂರು ಬಾರಿ ಉತ್ತರಿಸಿ, ಮೂರು ಬಾರಿಯೂ ಹತ್ತಕ್ಕೆ ನಾಲ್ಕು ಅಂಕ ಪಡೆದಿದ್ದಾರೆ. ಪಾಸಾಗಲು ಐದು ಬೇಕು. ನಾಲ್ಕನೇ ಪ್ರಶ್ನೆಯನ್ನು ಕಾಗದದ ಮೇಲೆ ಬಿಡಿಸಿ ನೋಡಲಾಗಿ, ಆಯ್ಕೆಗೆ ಕೊಟ್ಟಿರುವ ಉತ್ತರಗಳಲ್ಲಿ ಒಂದೂ ಸರಿ ಇಲ್ಲವೆಂದು ಕಂಡುಬಂದಿದೆ. ಸದರಿ ಪ್ರಶ್ನೆಯು ಇಪ್ಪತ್ತೆಂಟು ವರ್ಷಗಳಿಂದ ಚಲಾವಣೆಯಲ್ಲಿದೆ.

6. ಇದನ್ನು ತಿಳಿಸಿದಾಗ ಕಂಪ್ಯೂಟರ್ ಕೊಠಡಿಯ ಮೇಲ್ವಿಚಾರಕಿ, ಹತ್ತೊಂಬತ್ತು ವರ್ಷಗಳ ಹಿಂದೆ ಇವರ ವಿದ್ಯಾರ್ಥಿನಿ, "ಸಾರ್, ನಾನು ಆವತ್ತು ಪರೀಕ್ಷೆಯಲ್ಲೇ ಎದ್ದು ನಿಂತು ಹೇಳಿದ್ದೆ. ನೀವು ಕೂತ್ಕೊಳಮ್ಮ ಅಂದ್ರಿ" ಎಂದಿರುವುದನ್ನು ದಾಖಲಿಸಲಾಗಿದೆ. ಆ ವರ್ಷ ಆಕೆ ಒಂದೇ ಅಂಕದಿಂದ ಫೇಲಾಗಿರುವುದೂ ಕಡತದಲ್ಲಿದೆ. ಸಂಚಾಲಕರಿಗೆ ನಾಚಿಕೆಯಾಗಿದೆ.

7. ಆದ್ದರಿಂದ ನಾಲ್ಕನೇ ಪ್ರಶ್ನೆಗೆ ಎಲ್ಲರಿಗೂ ಒಂದು ಅಂಕ ನೀಡತಕ್ಕದ್ದು. ಇದರಿಂದ ಸಂಚಾಲಕರೂ ಪಾಸಾಗುತ್ತಿರುವುದು ಕೇವಲ ಕಾಕತಾಳೀಯ.

ಸಹಿ/-
ಸಂಚಾಲಕರು
(ವಿದ್ಯಾರ್ಥಿ ಕ್ರಮಾಂಕ 63)

ಪ್ರತಿಗಳು:
1. ಕುಲಸಚಿವರಿಗೆ, ಎಂದಿನಂತೆ ಓದದೆ ಕಡತಕ್ಕೆ ಸೇರಿಸಲು ಕೋರಿ.
2. ಸಂಚಾಲಕರ ಪತ್ನಿಗೆ, "ನನಗೆ ಮೊದಲೇ ಗೊತ್ತಿತ್ತು" ಎಂಬ ಹೇಳಿಕೆಯನ್ನು ಈ ವಾರದ ಮಟ್ಟಿಗೆ ತಡೆಹಿಡಿಯಲು ಕೋರಿ.
3. ಕಂಪ್ಯೂಟರ್ ಕೊಠಡಿಯ ಮೇಲ್ವಿಚಾರಕಿಗೆ. ಹತ್ತೊಂಬತ್ತು ವರ್ಷ ತಡವಾದ ಒಂದು ಅಂಕವನ್ನು ಲಗತ್ತಿಸಿದೆ. ಈ ಸಾಲನ್ನು ಸಂಚಾಲಕರು ಎದ್ದು ನಿಂತು ಬರೆದಿದ್ದಾರೆ.