ಭಾವನವರ ತಲೆಯ ಮೇಲೆ ಯೂರೋಪ್

ಯೂರೋಪಿನ ರಾಜಕೀಯ ತಿಳಿಯಲು ನೀವು ಪೇಪರ್ ಓದುತ್ತೀರಾ? ಪಾಪ. ನಾನು ನಮ್ಮ ಭಾವನವರ ತಲೆ ನೋಡುತ್ತೇನೆ.

ಡೆಟ್ರಾಯಿಟ್ ಪಕ್ಕದ ಆಬರ್ನ್ ಹಿಲ್ಸ್‌ನಲ್ಲಿ ಕಾರುಗಳ ಬ್ರೇಕ್ ಡಿಸೈನ್ ಮಾಡಿ ರಿಟೈರ್ ಆದವರು. ಅಕ್ಕ ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ ಯೂರೋಪ್ ಸುತ್ತುತ್ತಾರೆ. ಮ್ಯೂಸಿಯಂ ಬೇಡ, ಚರ್ಚ್ ಬೇಡ. ಹೋದ ಊರಲ್ಲೆಲ್ಲ ಕ್ಷೌರದ ಅಂಗಡಿ ಹೊಕ್ಕು ಕೂರುತ್ತಾರೆ. “ಕೈಯಲ್ಲಿ ಕತ್ತರಿ ಇರೋನು ಸುಳ್ಳು ಹೇಳಲ್ಲ ಕಣಮ್ಮ. ಒಬ್ಬ ಬಾರ್ಬರ್ ಅಂದ್ರೆ ಒಂದು ದೇಶ,” ಎನ್ನುವುದು ಅವರ ಥಿಯರಿ. ಒಂದೇ ಟೂರಿನಲ್ಲಿ ಮೂರು ದೇಶ ದಾಟಿದರೆ ಕೊನೆಯ ದೇಶಕ್ಕೆ ಕತ್ತರಿಸಲು ಏನೂ ಉಳಿದಿರುವುದಿಲ್ಲ, ಅದು ಬೇರೆ ಮಾತು. ಮಂಗಳವಾರ ಮಾತ್ರ ಕ್ಷೌರ ಇಲ್ಲ, ಶಾಸ್ತ್ರ. ಹೀಗಾಗಿ ಮಂಗಳವಾರದ ಯೂರೋಪ್ ಏನು ಯೋಚಿಸುತ್ತದೆಂದು ನಮ್ಮ ಕುಟುಂಬಕ್ಕೆ ಇವತ್ತಿಗೂ ಗೊತ್ತಿಲ್ಲ!

ವಾಪಸ್ಸು ಬಂದ ಮೇಲೆ ನಾವಿರುವ ಅರೋರಾಕ್ಕೆ ಡ್ರೈವ್ ಮಾಡಿಕೊಂಡು ಬಂದು, ಬಾಲಾಜಿ ದೇವಸ್ಥಾನದ ಪುಳಿಯೋಗರೆ ಮುಂದೆ ವರದಿ ಒಪ್ಪಿಸುತ್ತಾರೆ. ಮೊದಲ ವರ್ಷ ಫ್ರಾನ್ಸಿನವನು ಫುಟ್‌ಬಾಲ್ ಬಿಟ್ಟು ಬೇರೇನೂ ಮಾತಾಡಲಿಲ್ಲವಂತೆ: “ದೇಶ ಆರೋಗ್ಯವಾಗಿದೆ.” ಆಮೇಲೆ ವಿಯೆನ್ನಾದವನು ಪಕ್ಕದ ಗಿರಾಕಿಯೊಡನೆ ಎಲೆಕ್ಷನ್ ಜಗಳಕ್ಕಿಳಿದು ಇವರ ಕಿವಿಗೇ ಕತ್ತರಿ ತಾಗಿಸಿದ.

“ಅಂಕಲ್, ಯಾವ ಪಾರ್ಟಿ ಗೆಲ್ಲುತ್ತೆ?” ಎಂದು ಯಾರೋ ಕೇಳಿದರು.

ಭಾವ ಕಿವಿಯ ಬ್ಯಾಂಡೇಜ್ ಮುಟ್ಟಿಕೊಂಡು, “ಗೊತ್ತಿಲ್ಲಮ್ಮ. ಸೋತಿದ್ದು ನಾನು,” ಎಂದರು.

ಮರುವರ್ಷದವನು ಬಾಯಿ ಬಿಟ್ಟದ್ದು ಒಂದೇ ಪ್ರಶ್ನೆಗೆ: ನಿಮ್ಮ ಊರಿಗೆ ವಾಪಸ್ ಯಾವಾಗ? ಟೂರಿಸ್ಟ್‌ಗೆ ಎಲ್ಲರೂ ಕೇಳುವುದೇ. ಆದರೂ ಭಾವ ಅವತ್ತು ಪುಳಿಯೋಗರೆ ಅರ್ಧ ಬಿಟ್ಟರು.

ನಮ್ಮ ಕಾನ್ವೆಂಟಿನ ಸಿಸ್ಟರ್ ಯೂರೋಪಿನ ಮ್ಯಾಪ್ ಬಿಡಿಸುವಾಗ ಚಾಪೆಲ್‌ನಲ್ಲಿದ್ದ ಹಾಗೆ ದನಿ ತಗ್ಗಿಸುತ್ತಿದ್ದರು. ಅಲ್ಲಿ ಎಲ್ಲರೂ ‘ಪ್ಲೀಸ್’, ‘ಥ್ಯಾಂಕ್ಯೂ’ ಎನ್ನುತ್ತಲೇ ಬದುಕುತ್ತಾರೆಂದು ಈ ವಯಸ್ಸಿನವರೆಗೂ ನಂಬಿದ್ದೆ. ಸಿಲ್ಲಿ ಗರ್ಲ್.

ಈ ಸಲ ಭಾವ ಕಾಲರ್ ಮುಟ್ಟುವ ಕೂದಲು ಹೊತ್ತು ನಮ್ಮ ಮನೆಗೆ ಬಂದರು. ಅವರ ಮಗಳು ಮದುವೆಯಾಗಿ ನೆಲೆಸಿರುವ ಜರ್ಮನಿಯ ಊರಿನಲ್ಲಿ, ಅವಳನ್ನು ಬೀಳ್ಕೊಂಡು ಏರ್‌ಪೋರ್ಟಿಗೆ ಹೊರಟ ದಾರಿಯಲ್ಲಿ, ಖಾಲಿ ಕುರ್ಚಿಗಳ ನಡುವೆ ನಿಂತ ಬಾರ್ಬರ್ “ಜಾಗ ಇಲ್ಲ” ಎಂದನಂತೆ.

“ಮಂಗಳವಾರ ಹೋಗಿದ್ರಾ?” ಎಂದು ನಗಿಸಲು ನೋಡಿದೆ.

“ಗುರುವಾರ,” ಎಂದರು.

ಅಷ್ಟರಲ್ಲಿ ಆ ಮಗಳದೇ ಫೋನ್. ಭಾವ ಸ್ಪೀಕರ್‌ಗೆ ಹಾಕಿದರು. ಡೆಟ್ರಾಯಿಟ್‌ನಲ್ಲಿ ಅವಳಿಗೊಂದು ಕೆಲಸ ಸಿಕ್ಕಿ ವಾರವಾಗಿದೆ. ಜರ್ಮನಿಯಲ್ಲೇ ಉಳಿಯುವುದೋ, ಗಂಡನೊಡನೆ ಇಲ್ಲಿಗೆ ಬರುವುದೋ, ಸೋಮವಾರದೊಳಗೆ ಹೇಳಬೇಕು.

“ಅಪ್ಪಾ, ಡಿಡ್ ಹಿ ಕಟ್ ಇಟ್ ಆರ್ ನಾಟ್?”

“ಇಲ್ಲಮ್ಮ. ಮಾಡಲ್ಲ ಅಂದ.”

“ಸೋ, ದಟ್ಸ್ ಇಟ್? ಒನ್ ಬಾರ್ಬರ್, ಒನ್ ಕಂಟ್ರಿ. ಯು ಆಲ್ವೇಸ್ ಸೇ.”

ಈಗ ‘ಹೌದು’ ಎಂದರೆ ಸಾಕು, ಮಗಳು ಮನೆಗೆ ಬರುತ್ತಾಳೆ. ನಾನು ಕಾಫಿಯನ್ನು ಲೋಟಕ್ಕೆ ಬಗ್ಗಿಸಿದೆ.

“ಅದೆಲ್ಲ ನನ್ನ ತಲೆಹರಟೆ ಕಣೇ,” ಎಂದರು ಭಾವ. “ನಾನು ಅಂಗಡಿ ಬಾಗಿಲಲ್ಲಿ ಒಂದು ನಿಮಿಷ ನಿಂತೋನು. ಅಲ್ಲಿ ಬಾಳ್ತಿರೋಳು ನೀನು. ನಿನ್ನ ಹತ್ರ ಪಿಯಾನೊ ಕಲಿಯೋ ಮಕ್ಕಳು, ಪಕ್ಕದ ಮನೆ ಅಜ್ಜಿ, ಅವರನ್ನೂ ಲೆಕ್ಕಕ್ಕೆ ತಗೋ. ಆಮೇಲೆ ನೀನೇ ಡಿಸೈಡ್ ಮಾಡು.”

“ವಾಟ್ ಡು ಯು ವಾಂಟ್, ಅಪ್ಪಾ?”

“ನಂಗೇನು ಬೇಕು? ಚಿಕ್ಕಮ್ಮ ಕಾಫಿ ಕೊಡ್ತಿದಾಳೆ.”

ಲೋಟಕ್ಕೆ ಕೈ ಚಾಚಿದರು. ಉಗುರುಗಳ ಸುತ್ತ ತಿಳಿ ಹಳದಿ ಪೇಂಟ್ ಒಣಗಿತ್ತು. ಫೋನ್ ಇಟ್ಟ ಮೇಲೆ, ಇದೇನೆಂದು ಕೇಳಿದೆ. ಮಗಳ ಹಳೆಯ ರೂಮಿಗೆ ಬಳಿಯುತ್ತಿದ್ದಾರಂತೆ.

“ಎರಡು ಗೋಡೆ ಆಗಿದೆ,” ಎಂದರು. “ಉಳಿದದ್ದು ಸೋಮವಾರ ಆದ್ಮೇಲೆ ನೋಡೋಣ.”